ಹಳೇ ಜಿಪ್ಸಿಯ ಮುಂಭಾಗ ಎತ್ತುವುದು, ಪ್ರೊಪೆಲ್ಲರ್ ಶಾಫ್ಟ್ ಸರಿಹೊಂದಿಸುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಇಲ್ಲಿ ಹೇಳಿರುವುದೆಲ್ಲ ಮಾರುತಿ ಜಿಪ್ಸಿಯ ಬಗ್ಗೆ. 1985ರಲ್ಲಿ 970 ಸಿಸಿ ಎಂಜಿನ್ ಹೊತ್ತು ಬಂದ ಎಂಜಿ410, ಆಮೇಲಿನ ಅಗಲ ಟ್ರ್ಯಾಕಿನ ಗಾಡಿ, 1996ರ 1.3 ಲೀಟರಿನ ಕಿಂಗ್, 2000ದಲ್ಲಿ ಬಂದ ಎಂಪಿಎಫ್‌ಐ (ಇಂಧನ ಚಿಮ್ಮಿಸುವ ಎಂಜಿನ್), ಯಾವುದೇ ಇರಲಿ, ಅಡಿಗೆ ತೂರಿ ನೋಡಿದರೆ ಕಾಣುವುದು ಹೆಚ್ಚುಕಡಿಮೆ ಒಂದೇ: ಏಣಿಯಂಥ ಚಾಸಿ, ಹಿಂದೆ ಮುಂದೆ ಗಟ್ಟಿ ಆಕ್ಸಲ್ (ಎಡಬಲ ಚಕ್ರಗಳನ್ನು ಸೇರಿಸುವ ಒಂದೇ ತೊಲೆ), ನಾಲ್ಕೂ ಮೂಲೆಗೆ ಪ್ಲೇಟ್ ಸೆಟ್ (ಉಕ್ಕಿನ ಪಟ್ಟಿಗಳ ಸ್ಪ್ರಿಂಗ್), ಗೇರ್‌ಬಾಕ್ಸಿನಿಂದ ದೂರ ಬೇರೆಯಾಗಿ ತೂಗುಹಾಕಿದ ಟ್ರಾನ್ಸ್‌ಫರ್ ಕೇಸ್ (ಎಂಜಿನ್ ಬಲವನ್ನು ಹಿಂದಿನ, ಮುಂದಿನ ಆಕ್ಸಲ್‌ಗಳಿಗೆ ಹಂಚುವ ಪೆಟ್ಟಿಗೆ). 2019ರಲ್ಲಿ ಮಾರಾಟ ನಿಂತ ಮೇಲೆ ಸಕಲೇಶಪುರ, ಮೂಡಿಗೆರೆ, ಮಡಿಕೇರಿ ಕಡೆಯ ತೋಟಗಳಲ್ಲಿ ಇದರ ಬೆಲೆ ಇಳಿಯುವ ಬದಲು ಏರಿದೆ. ಕೊಂಡವರು ಮೊದಲು ಕೇಳುವ ಪ್ರಶ್ನೆಯಿಂದಲೇ ಶುರು ಮಾಡೋಣ.

ಜಿಪ್ಸಿಯನ್ನು ಎಷ್ಟು ಎತ್ತಿಸಬಹುದು?

ಏನನ್ನೂ ಕತ್ತರಿಸದೆ, ವೆಲ್ಡ್ ಮಾಡದೆ ಅಂದರೆ 50 ಮಿಲಿಮೀಟರ್. ಅಷ್ಟಕ್ಕೆ ಸ್ಟೇರಿಂಗ್, ಬ್ರೇಕ್ ಹೋಸ್, ಪ್ರೊಪೆಲ್ಲರ್ ಶಾಫ್ಟ್ (ಟ್ರಾನ್ಸ್‌ಫರ್ ಕೇಸಿನಿಂದ ಆಕ್ಸಲ್‌ಗೆ ಬಲ ಒಯ್ಯುವ, ತಿರುಗುವ ಕೊಳವೆ) ಮೂರೂ ಗೊಣಗುತ್ತಲೇ ಹೊಂದಿಕೊಳ್ಳುತ್ತವೆ. ಅದರ ಮೇಲೆ ಹೋದಷ್ಟೂ ಪ್ಲೇಟ್ ಸೆಟ್ಟಿಗೆ ಆಗುವ ಖರ್ಚಿಗಿಂತ ಶಾಫ್ಟಿಗೆ ಆಗುವ ಖರ್ಚೇ ದೊಡ್ಡದಾಗುತ್ತದೆ. ಎತ್ತರ ಎಷ್ಟಿರಬೇಕು ಎಂದು ತೀರ್ಮಾನಿಸುವುದು ಸ್ಪ್ರಿಂಗ್ ಅಂಗಡಿಯವನಲ್ಲ, ಮುಂದಿನ ಪ್ರೊಪೆಲ್ಲರ್ ಶಾಫ್ಟು. ಈ ಪುಟದ ಮುಕ್ಕಾಲು ಭಾಗ ಅದರ ವಿವರಣೆಯೇ.

ಎತ್ತಿಸಿದರೆ ಗ್ರೌಂಡ್ ಕ್ಲಿಯರೆನ್ಸ್ ಹೆಚ್ಚುತ್ತದೆ ತಾನೇ?

ಚಾಸಿಯದ್ದು ಹೆಚ್ಚುತ್ತದೆ. ಆಕ್ಸಲ್‌ನಲ್ಲಿ ಗೇರುಗಳಿರುವ ಬುರುಡೆ, ಅಂದರೆ ಡಿಫರೆನ್ಷಿಯಲ್‌ನದ್ದು ಒಂದು ಕೂದಲೆಳೆಯಷ್ಟೂ ಹೆಚ್ಚುವುದಿಲ್ಲ. ಗಟ್ಟಿ ಆಕ್ಸಲ್ ಕೂತಿರುವುದು ಚಕ್ರದ ನಡುವಿಗೆ. ಚಕ್ರ ದೊಡ್ಡದಾದರಷ್ಟೇ ಅದು ಮೇಲೇಳುತ್ತದೆ.

ತೋಟದ ದಾರಿಯಲ್ಲಿ ಗಾಡಿ ನಿಲ್ಲುವುದು ಹೇಗೆಂದು ನೆನಪಿಸಿಕೊಳ್ಳಿ. ಮಳೆಗಾಲದಲ್ಲಿ ಟ್ರ್ಯಾಕ್ಟರ್ ಓಡಾಡಿ ಎರಡು ಕಡೆ ಜಾಡು ಆಳವಾಗಿರುತ್ತದೆ, ನಡುವೆ ದಿಬ್ಬ ಉಳಿದಿರುತ್ತದೆ. ಆ ದಿಬ್ಬಕ್ಕೆ ಉಜ್ಜುವುದು ಡಿಫರೆನ್ಷಿಯಲ್ ಬುರುಡೆ. ಗಾಡಿಯನ್ನು ಆರಿಂಚು ಎತ್ತಿದರೂ ಬುರುಡೆ ಅಲ್ಲೇ ಉಜ್ಜುತ್ತದೆ, ಮೇಲೆ ಕೂತವರ ಎತ್ತರ ಮಾತ್ರ ಬೇರೆ.

ಕಿಂಗ್‌ನ ಮೂಲ 205/70 ಆರ್15 ಟೈರಿನ ವ್ಯಾಸ ಸುಮಾರು 668 ಮಿ.ಮೀ. 215/75 ಆರ್15 ಹಾಕಿದರೆ 703, 235/75 ಆರ್15 ಹಾಕಿದರೆ 733. ಅಂದರೆ ಬುರುಡೆಯ ಕೆಳಗೆ ಸಿಗುವುದು ಈ ಹೆಚ್ಚಳದ ಅರ್ಧ, ಮೊದಲನೆಯದರಲ್ಲಿ 17 ಮಿ.ಮೀ., ಎರಡನೆಯದರಲ್ಲಿ 32. ಕಡಿಮೆ ಅನಿಸಬಹುದು, ಆದರೆ ನಿಜವಾಗಿ ಸಿಗುವುದು ಇಷ್ಟೇ. ಎತ್ತಿಸುವುದರ ಸರಿಯಾದ ಕಾರಣ ಈ ಟೈರು ಗಾರ್ಡಿಗೆ ಉಜ್ಜದಂತೆ ಜಾಗ ಮಾಡಿಕೊಡುವುದು, ಜೊತೆಗೆ ದಿಣ್ಣೆ ಹತ್ತಿಳಿಯುವಾಗ ಮೂತಿಗೂ ಹೊಟ್ಟೆಗೂ ಸ್ವಲ್ಪ ಬಿಡುವು ಕೊಡುವುದು.

ಎತ್ತುವ ವಿಧಾನಗಳಲ್ಲಿ ಯಾವುದು ಒಳ್ಳೆಯದು?

ಹೊಸ ಪ್ಲೇಟ್ ಸೆಟ್. ಕಮಾನು ಮೂಲದ್ದಕ್ಕಿಂತ ಹೆಚ್ಚಿದ್ದು, ಪ್ಲೇಟುಗಳು ತೆಳ್ಳಗಿದ್ದು, ಲೆಕ್ಕದಲ್ಲಿ ಜಾಸ್ತಿ ಇದ್ದರೆ ಸವಾರಿ ಮೆತ್ತಗಿರುತ್ತದೆ.

ಹಳೇ ಸೆಟ್ಟನ್ನೇ ಕಮಾನು ಕಟ್ಟಿಸುವುದು ಅಗ್ಗ. ಕಾಯಿಸಿ, ಎಣ್ಣೆಯಲ್ಲಿ ಅದ್ದಿ, ಮತ್ತೆ ಹದ ಮಾಡುವವರ ಕೈಗೆ ಕೊಟ್ಟರೆ ಬಾಳುತ್ತದೆ. ತಣ್ಣಗೇ ಸುತ್ತಿಗೆಯಲ್ಲಿ ಬಡಿದು ಬಗ್ಗಿಸಿದ್ದು ಒಂದು ಮಳೆಗಾಲ ಮುಗಿಯುವುದರೊಳಗೆ ಕೂರುತ್ತದೆ, ಅದೂ ಎಡಬಲ ಬೇರೆ ಬೇರೆ ಲೆಕ್ಕದಲ್ಲಿ. ಇನ್ನೊಂದು ಮಾತು: ಕಮಾನು ಅತಿಯಾದರೆ ಪ್ಲೇಟಿನ ತುದಿಯ ಎರಡು ಕಣ್ಣುಗಳ (ಬೋಲ್ಟ್ ಕೂರುವ ಉಂಗುರಗಳ) ನಡುವಿನ ಅಂತರ ಕುಗ್ಗಿ ಶ್ಯಾಕಲ್ (ಒಂದು ಕಣ್ಣನ್ನು ಚಾಸಿಗೆ ತೂಗುಹಾಕುವ ಜೋಡಿ ಪಟ್ಟಿ) ಒಳಕ್ಕೆ ಎಳೆದುಕೊಳ್ಳುತ್ತದೆ. ಆಗ ಗುಂಡಿಗೆ ಬಿದ್ದಾಗ ಪ್ಲೇಟ್ ಚಾಚಿಕೊಳ್ಳಲು ಶ್ಯಾಕಲ್ ಸರಾಗವಾಗಿ ತೂಗುವುದಿಲ್ಲ, ಗಾಡಿ ಕಲ್ಲಿನಂತಾಗುತ್ತದೆ.

ಒಂದು ಪ್ಲೇಟ್ ಹೆಚ್ಚಿಗೆ ಸೇರಿಸುವುದು ಮೂಟೆ ಹೊರುವ ಗಾಡಿಯ ಹಿಂಭಾಗಕ್ಕೆ ಸರಿ. ಮುಂಭಾಗಕ್ಕೆ ಬೇಡ. ಮುಂಭಾಗ ಬಿರುಸಾದರೆ ಆಕ್ಸಲ್ ಓರೆಯಾಗಿ ಏರಿಳಿಯುವುದೇ ನಿಂತು ಒಂದು ಚಕ್ರ ಗಾಳಿಯಲ್ಲಿ ತೇಲುತ್ತದೆ. ಹಾಗಾದರೆ ಗಟ್ಟಿ ಆಕ್ಸಲ್ ಇಟ್ಟುಕೊಂಡು ಪ್ರಯೋಜನವೇನು?

ಹಿಂದಿನ ಆಕ್ಸಲ್‌ಗೆ ಇಡುವಂತೆ ಮುಂದೆಯೂ ಆಕ್ಸಲ್‌ಗೂ ಪ್ಲೇಟಿಗೂ ನಡುವೆ ಬ್ಲಾಕ್ ಇಟ್ಟು ಎತ್ತಬಹುದೇ?

ಇಲ್ಲ. ಯಾವ ಗಾಡಿಗೂ ಮುಂದಿನ ಆಕ್ಸಲ್‌ಗೆ ಬ್ಲಾಕ್ ಇಡಬಾರದು, ಬ್ರೇಕ್ ಒತ್ತಿದಾಗ ಅದು ಹೊರಗೆ ಹಾರುವಷ್ಟು ತಿರುಚು ಬೀಳುತ್ತದೆ. ಜಿಪ್ಸಿಯಲ್ಲಿ ಇದರ ಮೇಲೊಂದು ತಮಾಷೆಯೂ ಇದೆ. ಇದರ ಪ್ಲೇಟ್ ಸೆಟ್ ಇರುವುದು ಆಕ್ಸಲ್‌ನ ಕೆಳಗೆ. ನಡುವೆ ಬ್ಲಾಕ್ ಇಟ್ಟರೆ ಗಾಡಿ ಏರುವುದಿಲ್ಲ, ಇಳಿಯುತ್ತದೆ.

ಉದ್ದ ಶ್ಯಾಕಲ್ ಹಾಕಿದರೆ ಸಾಕು ಎನ್ನುತ್ತಾರೆ. ನಿಜವೇ?

ಎಲ್ಲಕ್ಕಿಂತ ಅಗ್ಗದ ದಾರಿ ಇದು. ಲೇತ್ ಅಂಗಡಿಯಲ್ಲಿ ನಾಲ್ಕು ಪಟ್ಟಿಗೆ ತೂತು ಕೊರೆದರೆ ಮುಗಿಯಿತು. ಅದಕ್ಕೇ ಎಲ್ಲರೂ ಮಾಡಿಸುತ್ತಾರೆ, ಆಮೇಲೆ ಸ್ಟೇರಿಂಗ್ ತೇಲುತ್ತದೆ ಎಂದು ಹೇಳಿಕೊಂಡು ಬರುತ್ತಾರೆ.

ಜಿಪ್ಸಿಯ ಮುಂದಿನ ಸೆಟ್ಟಿನಲ್ಲಿ ಶ್ಯಾಕಲ್ ಇರುವುದು ಬಂಪರ್ ಕಡೆಯ ತುದಿಯಲ್ಲಿ; ಹಿಂದಿನ ಕಣ್ಣು ಚಾಸಿಗೆ ನೇರವಾಗಿ ಕೂತಿದೆ. ಶ್ಯಾಕಲ್ 50 ಮಿ.ಮೀ. ಉದ್ದವಾದರೆ ಪ್ಲೇಟಿನ ಮುಂದಿನ ತುದಿ ಚಾಸಿಯಿಂದ 50 ಮಿ.ಮೀ. ಕೆಳಗೆ ಹೋಗುತ್ತದೆ, ಹಿಂದಿನ ತುದಿ ಇದ್ದಲ್ಲೇ ಇರುತ್ತದೆ, ನಡುವೆ ಇರುವ ಆಕ್ಸಲ್‌ಗೆ ಸಿಗುವುದು ಅರ್ಧ, ಅಂದರೆ 25 ಮಿ.ಮೀ. ಅಷ್ಟಕ್ಕೇ ನಿಂತಿದ್ದರೆ ತಂಟೆ ಇರುತ್ತಿರಲಿಲ್ಲ. ಇಡೀ ಸೆಟ್ಟು ಮುಂದಕ್ಕೆ ವಾಲಿತಲ್ಲ, ಅದರ ಜೊತೆ ಆಕ್ಸಲ್ ಹೌಸಿಂಗೂ (ಆಕ್ಸಲ್‌ನ ಹೊರಕವಚ) ಉರುಳುತ್ತದೆ. ಕಣ್ಣಿಂದ ಕಣ್ಣಿಗೆ ಒಂದು ಮೀಟರ್ ಎಂದುಕೊಂಡು ಲೆಕ್ಕ ಹಾಕಿದರೆ ವಾಲು ಸುಮಾರು 2.9 ಡಿಗ್ರಿ. ಸೆಟ್ಟು ಇನ್ನೂ ಗಿಡ್ಡವಿದ್ದರೆ ಇನ್ನೂ ಹೆಚ್ಚು.

ಇದರಲ್ಲಿ ಏಟು ತಿನ್ನುವುದು ಕ್ಯಾಸ್ಟರ್. ಕ್ಯಾಸ್ಟರ್ ಅಂದರೆ ಕಿಂಗ್‌ಪಿನ್‌ನ (ಮುಂದಿನ ಚಕ್ರ ಎಡಬಲ ತಿರುಗುವ ಕೀಲಿನ) ವಾಲು; ಅದರ ಮೇಲ್ತುದಿ ಸ್ವಲ್ಪ ಹಿಂದಕ್ಕೆ ವಾಲಿರುವುದರಿಂದಲೇ ತಿರುವು ಮುಗಿದ ಮೇಲೆ ಸ್ಟೇರಿಂಗ್ ತಾನಾಗಿ ನೇರಕ್ಕೆ ಬರುತ್ತದೆ. ಈ ಗಾಡಿಗೆ ಇರುವ ಕ್ಯಾಸ್ಟರ್ 3ರಿಂದ 4 ಡಿಗ್ರಿಯ ಆಸುಪಾಸು. ಅದರಲ್ಲಿ 3 ಡಿಗ್ರಿ ಶ್ಯಾಕಲ್ ನುಂಗಿದರೆ ಉಳಿಯುವುದೇನು? ಹೆದ್ದಾರಿಯಲ್ಲಿ 70 ದಾಟಿದ ಕೂಡಲೇ ಗಾಡಿ ಎಡಕ್ಕೂ ಬಲಕ್ಕೂ ಅಲೆಯುತ್ತದೆ. ಪವರ್ ಸ್ಟೇರಿಂಗ್ ಇಲ್ಲದ ಗಾಡಿಯಾದ್ದರಿಂದ ಕ್ಯಾಸ್ಟರ್ ಹೋದಾಗ ಸ್ಟೇರಿಂಗ್ ಹಗುರವಾಗಿ, ಮೊದಲ ದಿನ ಮಾಲೀಕ ಖುಷಿಪಡುವುದೂ ಉಂಟು.

ಮೂಲಕ್ಕಿಂತ 20–25 ಮಿ.ಮೀ. ಉದ್ದದ ಶ್ಯಾಕಲ್ ಮಟ್ಟಿಗೆ ನನ್ನದು ತಕರಾರಿಲ್ಲ. ಅದಕ್ಕಿಂತ ಹೆಚ್ಚು ಮುಂಭಾಗಕ್ಕೆ ಬೇಡ. ಎರಡು ಪಟ್ಟಿಗಳ ನಡುವೆ ಅಡ್ಡ ಪಟ್ಟಿ ಬೆಸೆದಿಲ್ಲದ ಉದ್ದ ಶ್ಯಾಕಲ್ ಅಂತೂ ಪಕ್ಕಕ್ಕೆ ಓಲಾಡುತ್ತದೆ, ಅದನ್ನು ಹಿಂದೆಯೂ ಹಾಕಬೇಡಿ.

ಆಕ್ಸಲ್‌ಗೂ ಪ್ಲೇಟಿಗೂ ನಡುವೆ ವೆಜ್ (ಓರೆ) ಪಟ್ಟಿ ಇಟ್ಟು ಕ್ಯಾಸ್ಟರ್ ವಾಪಸ್ ತರಬಹುದಲ್ಲ?

ತರಬಹುದು, ಆದರೆ ಅದರ ಬೆಲೆಯನ್ನು ಶಾಫ್ಟ್ ಕಟ್ಟುತ್ತದೆ. ಮುಂದಿನ ಆಕ್ಸಲ್‌ನಲ್ಲಿ ಕಿಂಗ್‌ಪಿನ್ನೂ ಪಿನಿಯನ್ನೂ (ಶಾಫ್ಟ್ ಬಂದು ಸೇರುವ ಗೇರು) ಒಂದೇ ಹೌಸಿಂಗಿಗೆ ಅಂಟಿಕೊಂಡಿವೆ. ಕಿಂಗ್‌ಪಿನ್ ಹಿಂದಕ್ಕೆ ವಾಲಿಸಿದರೆ ಪಿನಿಯನ್ ಮೂತಿ ಕೆಳಕ್ಕೆ ಬಗ್ಗುತ್ತದೆ. ಪಿನಿಯನ್ ಮೇಲಕ್ಕೆತ್ತಿದರೆ ಕ್ಯಾಸ್ಟರ್ ಹೋಗುತ್ತದೆ. ಎರಡೂ ಬೇಕೆಂದರೆ ಹೌಸಿಂಗ್ ತುದಿಯಲ್ಲಿ ಕಿಂಗ್‌ಪಿನ್ ಕೂರುವ ಗೋಳಗಳ ವೆಲ್ಡ್ ಕತ್ತರಿಸಿ, ತಿರುಗಿಸಿ, ಮತ್ತೆ ಬೆಸೆಯಬೇಕು. ಜಿಗ್ (ಅಳತೆ ತಪ್ಪದಂತೆ ಹಿಡಿದಿಡುವ ಚೌಕಟ್ಟು) ಇಲ್ಲದ ಗ್ಯಾರೇಜಿನಲ್ಲಿ ಇದನ್ನು ಮಾಡಿಸುವ ಯೋಚನೆ ಬಿಡಿ. ಎಡಬಲ ಅರ್ಧ ಡಿಗ್ರಿ ಹೆಚ್ಚುಕಡಿಮೆಯಾದರೂ ಗಾಡಿ ಜೀವಮಾನವಿಡೀ ಒಂದು ಬದಿಗೆ ಎಳೆಯುತ್ತಿರುತ್ತದೆ.

ವೆಜ್ ಇಡುವುದಾದರೆ ಉಕ್ಕಿನದ್ದೇ ಇರಲಿ, ಅಲ್ಯೂಮಿನಿಯಂ ಪುಡಿಯಾಗುತ್ತದೆ. ಪ್ಲೇಟುಗಳನ್ನು ಪೋಣಿಸುವ ಸೆಂಟರ್ ಬೋಲ್ಟ್ ಉದ್ದದ್ದು ಹಾಕಿ, ಸೆಟ್ಟನ್ನು ಆಕ್ಸಲ್‌ಗೆ ಬಿಗಿಯುವ ಯು ಬೋಲ್ಟ್ ಹೊಸದು ಹಾಕಿ. ಒಮ್ಮೆ ಬಿಗಿದು ಎಳೆದುಕೊಂಡ ಯು ಬೋಲ್ಟನ್ನು ಮತ್ತೆ ಬಳಸಬಾರದು.

ಎತ್ತಿಸಿದ ಮೇಲೆ 4ಎಚ್ (ನಾಲ್ಕೂ ಚಕ್ರಕ್ಕೆ ಬಲ, ಮಾಮೂಲಿ ವೇಗದ ಗೇರು) ಹಾಕಿದಾಗ ನೆಲದಡಿಯಿಂದ ಗುಂಯ್ ಎನ್ನುತ್ತದೆ. ಯಾಕೆ?

ಯುಜೆ ಕ್ರಾಸ್‌ನ (ಶಾಫ್ಟ್ ಓರೆಯಲ್ಲೂ ತಿರುಗುವಂತೆ ಮಾಡುವ ತುದಿಯ ಕೀಲಿನ) ಸ್ವಭಾವವೇ ಹಾಗೆ. ಕೋನದಲ್ಲಿ ತಿರುಗುವ ಒಂಟಿ ಕ್ರಾಸ್ ತನ್ನ ಆಚೆ ಬದಿಯನ್ನು ಒಂದೇ ವೇಗದಲ್ಲಿ ತಿರುಗಿಸುವುದಿಲ್ಲ. ಒಂದು ಸುತ್ತಿನಲ್ಲಿ ಎರಡು ಸಲ ಜೋರು, ಎರಡು ಸಲ ನಿಧಾನ. ಕೋನ 10 ಡಿಗ್ರಿ ಇದ್ದರೆ ಈ ಏರಿಳಿತ ಶೇ. 1.5ರಷ್ಟು, 20 ಡಿಗ್ರಿಗೆ ಶೇ. 6ರ ಮೇಲೆ, 30 ಡಿಗ್ರಿಗೆ ಶೇ. 15. ಕೋನ ಎರಡರಷ್ಟಾದರೆ ತೊಂದರೆ ನಾಲ್ಕರಷ್ಟಾಗುತ್ತದೆ ಎಂದು ನೆನಪಿಟ್ಟುಕೊಂಡರೆ ಸಾಕು.

ಶಾಫ್ಟಿನ ಎರಡು ತುದಿಗೂ ಕ್ರಾಸ್ ಇಟ್ಟಿರುವುದು ಇದಕ್ಕೇ. ಮೊದಲನೆಯದು ಮಾಡಿದ ಏರುಪೇರನ್ನು ಎರಡನೆಯದು ಅಳಿಸುತ್ತದೆ, ಎರಡು ಷರತ್ತಿನ ಮೇಲೆ: ಎರಡೂ ಕೋನ ಸಮ ಇರಬೇಕು, ಶಾಫ್ಟಿನ ಎರಡು ಯೋಕ್‌ಗಳು (ಕ್ರಾಸ್ ಹಿಡಿಯುವ ಕವಲುಗಳು) ಒಂದೇ ಗೆರೆಯಲ್ಲಿರಬೇಕು. ಟ್ರಾನ್ಸ್‌ಫರ್ ಕೇಸಿನ ಫ್ಲಾಂಜ್ (ಶಾಫ್ಟನ್ನು ಬೋಲ್ಟ್ ಮಾಡುವ ತಟ್ಟೆ) ಮತ್ತು ಪಿನಿಯನ್ ಫ್ಲಾಂಜ್ ಪರಸ್ಪರ ಸಮಾನಾಂತರವಾಗಿದ್ದರೆ ಕೋನಗಳು ತಾವಾಗಿ ಸಮ ಇರುತ್ತವೆ.

ಒಂದು ಕಾಲ್ಪನಿಕ ಲೆಕ್ಕ ನೋಡಿ. ಎರಡು ಫ್ಲಾಂಜ್‌ಗಳ ನಡುವೆ ಅಡ್ಡಕ್ಕೆ 600 ಮಿ.ಮೀ., ಎತ್ತರದ ವ್ಯತ್ಯಾಸ 100 ಮಿ.ಮೀ. ಎಂದಿಟ್ಟುಕೊಳ್ಳಿ. ಶಾಫ್ಟಿನ ಇಳಿಜಾರು 9.5 ಡಿಗ್ರಿ. ಹೊಸ ಸೆಟ್ಟಿನಿಂದ 50 ಮಿ.ಮೀ. ಎತ್ತಿದರೆ 14 ಡಿಗ್ರಿ, ಆದರೆ ಎರಡೂ ಕಡೆ 14. ಅಳಿಸುವ ಕೆಲಸ ನಡೆಯುತ್ತದೆ, ಸದ್ದು ಸ್ವಲ್ಪ ಬರಬಹುದು. ಇದರ ಬದಲು ಉದ್ದ ಶ್ಯಾಕಲ್‌ನಿಂದ ಬರೀ 25 ಮಿ.ಮೀ. ಎತ್ತಿದಿರಿ ಎನ್ನಿ. ಇಳಿಜಾರು 11.8 ಡಿಗ್ರಿ ಅಷ್ಟೇ, ಆದರೆ ಪಿನಿಯನ್ 2.9 ಡಿಗ್ರಿ ಮೇಲಕ್ಕೆ ಉರುಳಿದೆ. ಮೇಲಿನ ಕ್ರಾಸಿಗೆ 11.8, ಕೆಳಗಿನದಕ್ಕೆ 8.9. ಅರ್ಧದಷ್ಟು ಎತ್ತಿದ ಗಾಡಿಯೇ ಹೆಚ್ಚು ನಡುಗುವುದು ಹೀಗೆ.

ಹಬ್ ಬಿಚ್ಚಿಡುವ, ಅಂದರೆ ಮುಂದಿನ ಚಕ್ರವನ್ನು ಆಕ್ಸಲ್‌ನ ತಿರುಗಾಟದಿಂದ ಬಿಡಿಸುವ ಸೌಲಭ್ಯವಿರುವ ಗಾಡಿಯಲ್ಲಿ ಈ ಸದ್ದು 4ಎಚ್ ಹಾಕಿದಾಗ ಮಾತ್ರ ಕೇಳುತ್ತದೆ. ಹಬ್ ಸದಾ ಹಿಡಿದಿರುವ ಗಾಡಿಯಲ್ಲಿ ಮುಂದಿನ ಶಾಫ್ಟ್ 2ಎಚ್‌ನಲ್ಲೂ (ಹಿಂದಿನ ಚಕ್ರಗಳಿಗೆ ಮಾತ್ರ ಬಲ) ಚಕ್ರದ ಜೊತೆ ಸುತ್ತುತ್ತಲೇ ಇರುತ್ತದೆ. 60 ಕಿ.ಮೀ. ವೇಗದಲ್ಲಿ, ಆಕ್ಸಲ್ ಅನುಪಾತ ಸುಮಾರು 4 ಎಂದರೆ, ನಿಮಿಷಕ್ಕೆ 1,900 ಸುತ್ತು. ಅಂಥವರು ಟಾರು ರಸ್ತೆಯಲ್ಲೇ ನಡುಕ ಅನುಭವಿಸಿ ಟೈರ್ ಬ್ಯಾಲೆನ್ಸ್ ಮಾಡಿಸುತ್ತಾ ಅಲೆಯುತ್ತಾರೆ. ಅನುಮಾನ ಪರಿಹಾರಕ್ಕೆ ಸುಲಭ ಉಪಾಯ: ಮುಂದಿನ ಶಾಫ್ಟ್ ಪೂರ್ತಿ ಬಿಚ್ಚಿ ಅದೇ ರಸ್ತೆಯಲ್ಲಿ ಅದೇ ವೇಗದಲ್ಲಿ ಓಡಿಸಿ. ಸದ್ದು ಹೋದರೆ ಕಳ್ಳ ಸಿಕ್ಕಿದ.

ಕೋನ ಅಳೆಯುವುದು ಹೇಗೆ?

ಗಾಡಿ ಸಮನೆಲದಲ್ಲಿ ತನ್ನ ನಾಲ್ಕು ಚಕ್ರದ ಮೇಲೆ ನಿಂತಿರಬೇಕು, ಜ್ಯಾಕ್ ಮೇಲಲ್ಲ. ಮ್ಯಾಗ್ನೆಟ್ ಇರುವ ಡಿಜಿಟಲ್ ಆಂಗಲ್ ಗೇಜ್ ತೆಗೆದುಕೊಂಡು ಮೂರು ಕಡೆ ಇಡಿ: ಟ್ರಾನ್ಸ್‌ಫರ್ ಕೇಸಿನ ಫ್ಲಾಂಜ್ ಮುಖ, ಶಾಫ್ಟಿನ ಟ್ಯೂಬು, ಪಿನಿಯನ್ ಫ್ಲಾಂಜ್ ಮುಖ. ಫ್ಲಾಂಜ್ ಮುಖ ನಿಂತಿರುತ್ತದಾದ್ದರಿಂದ 90ರಿಂದ ಕಳೆಯಬೇಕು. ಫ್ಲಾಂಜ್ ಮತ್ತು ಟ್ಯೂಬಿನ ವ್ಯತ್ಯಾಸವೇ ಆ ಕ್ರಾಸಿನ ಕೋನ. ಎರಡು ಕ್ರಾಸಿನ ಕೋನಗಳು 1 ಡಿಗ್ರಿ ಒಳಗೆ ಹೊಂದಿದರೆ ಚೆನ್ನ. ಎತ್ತಿಸುವ ಮುಂಚೆಯೇ ಒಮ್ಮೆ ಅಳೆದು ಬರೆದಿಡಿ. ಹಳೇ ಗಾಡಿಯಲ್ಲಿ ಮೂಲ ಕೋನವೇ ಕೆಟ್ಟಿರುತ್ತದೆ, ಯಾಕೆಂದರೆ ಟ್ರಾನ್ಸ್‌ಫರ್ ಕೇಸಿನ ರಬ್ಬರ್ ಮೌಂಟ್‌ಗಳು ಕುಸಿದಿರುತ್ತವೆ. ಆ ರಬ್ಬರ್ ಮೊದಲು ಬದಲಿಸಿ, ಆಮೇಲೆ ಉಳಿದ ಮಾತು.

ಶಾಫ್ಟ್ ಉದ್ದ ಸಾಲುತ್ತದೆಯೇ?

ಮೇಲಿನ ಲೆಕ್ಕವನ್ನೇ ಮುಂದುವರಿಸಿದರೆ, 50 ಮಿ.ಮೀ. ಎತ್ತಿದಾಗ ಶಾಫ್ಟ್ 10 ಮಿ.ಮೀ. ಹೆಚ್ಚು ಚಾಚಬೇಕು. ಸ್ಪ್ಲೈನ್ (ಶಾಫ್ಟ್ ಚಾಚಲು, ಕುಗ್ಗಲು ಬಿಡುವ ಹಲ್ಲಿನ ಜಾರುಜೋಡಣೆ) ಇದನ್ನು ತಾಳಿಕೊಳ್ಳುತ್ತದೆ. 125 ಮಿ.ಮೀ. ಎತ್ತಿದರೆ 32 ಮಿ.ಮೀ. ಚಾಚಬೇಕು, ಅದು ನಿಂತ ಜಾಗದಲ್ಲಿ. ಚಕ್ರ ಗುಂಡಿಗಿಳಿದು ಜೋತಾಗ ಇನ್ನೂ ಹೆಚ್ಚು. ಆಗ ಸ್ಪ್ಲೈನ್ ಒಳಗೆ ಬೆರಳುಗುರಿನಷ್ಟು ಹಿಡಿತ ಉಳಿದಿರುತ್ತದೆ, ಅಥವಾ ಅದೂ ಇರುವುದಿಲ್ಲ.

ಪರೀಕ್ಷೆ ಹೀಗೆ: ಚಾಸಿಗೆ ಸ್ಟ್ಯಾಂಡ್ ಕೊಟ್ಟು ಮುಂದಿನ ಎರಡೂ ಚಕ್ರ ಜೋಲುಬಿಡಿ. ಗೇರ್ ನ್ಯೂಟ್ರಲ್, ಹಿಂದಿನ ಚಕ್ರಕ್ಕೆ ಕಲ್ಲು. ಶಾಫ್ಟನ್ನು ಕೈಯಲ್ಲಿ ಪೂರ್ತಿ ಒಂದು ಸುತ್ತು ತಿರುಗಿಸಿ. ಎಲ್ಲಾದರೂ ಬಿಗಿಯಾದರೆ ಯೋಕ್‌ನ ಕಿವಿಗಳು ಒಂದಕ್ಕೊಂದು ತಾಗುತ್ತಿವೆ ಎಂದರ್ಥ. ಹಾಗೇ ಓಡಿಸಿದರೆ ಕ್ರಾಸ್ ಸಿಡಿಯುತ್ತದೆ. ಒಂದು ಚಕ್ರ ಮೇಲೊತ್ತಿ ಇನ್ನೊಂದು ಜೋತಾಗಲೂ ನೋಡಿ. ಮೇಲಕ್ಕೆ ಪೂರ್ತಿ ಒತ್ತಿದಾಗ ಸ್ಪ್ಲೈನ್ ಕೊನೆಗೆ ಹೋಗಿ ಗುದ್ದಬಾರದು, ಗುದ್ದಿದರೆ ಪೆಟ್ಟು ಟ್ರಾನ್ಸ್‌ಫರ್ ಕೇಸಿನ ಬೇರಿಂಗಿಗೆ.

ಶಾಫ್ಟ್ ಉದ್ದ ಮಾಡಿಸುವಾಗ ಏನು ನೋಡಬೇಕು?

ಬೆಂಗಳೂರಿನ ಜೆ.ಸಿ. ರಸ್ತೆ, ಕಲಾಸಿಪಾಳ್ಯದ ಸುತ್ತಮುತ್ತ ವಿಚಾರಿಸಿದರೆ ಲಾರಿ ಶಾಫ್ಟ್ ಮಾಡುವವರು ಸಿಗುತ್ತಾರೆ. ಜಿಲ್ಲಾ ಕೇಂದ್ರಗಳಲ್ಲೂ ಇದ್ದಾರೆ. ಕೇಳಬೇಕಾದ್ದು ಒಂದೇ: ಬ್ಯಾಲೆನ್ಸಿಂಗ್ ಮಷಿನ್ ನಿಮ್ಮಲ್ಲೇ ಇದೆಯೇ? ಇಲ್ಲವೆಂದರೆ ನಮಸ್ಕಾರ ಹೇಳಿ ಮುಂದೆ ಹೋಗಿ.

ಹಳೇ ಟ್ಯೂಬಿಗೆ ನಡುವೆ ತುಂಡು ಸೇರಿಸಿ ಬೆಸೆಯುವುದಕ್ಕಿಂತ ಪೂರ್ತಿ ಹೊಸ ಟ್ಯೂಬ್ ಹಾಕಿಸುವುದು ಲೇಸು. ಎರಡು ಯೋಕ್ ಒಂದೇ ಗೆರೆಯಲ್ಲಿ ಕೂತಿವೆಯೇ ಎಂದು ಬೆಸೆಯುವ ಮುಂಚೆ ನೀವೇ ನೋಡಿ. ಸ್ಪ್ಲೈನ್ ಬಿಚ್ಚಿ ಮತ್ತೆ ಹಾಕುವಾಗ ಒಂದು ಹಲ್ಲು ತಪ್ಪಿದರೂ ಗೆರೆ ತಪ್ಪುತ್ತದೆ, ಅದಕ್ಕೆ ಬಿಚ್ಚುವ ಮೊದಲು ಎರಡೂ ಕಡೆ ಪೇಂಟ್ ಗುರುತು ಹಾಕಿ. ಉದ್ದದ ಅಳತೆ ಕೊಡಬೇಕಾದ್ದು ಗಾಡಿ ಚಕ್ರದ ಮೇಲೆ ನಿಂತಾಗ, ಸ್ಪ್ಲೈನ್ ನಡುಮಧ್ಯದಲ್ಲಿ ಇರುವಂತೆ.

ಟ್ರಾನ್ಸ್‌ಫರ್ ಕೇಸನ್ನೇ ಕೆಳಗಿಳಿಸಿದರೆ?

ಜಾಣತನ ಅನಿಸುತ್ತದೆ. ಮೌಂಟಿಗೆ ಸ್ಪೇಸರ್ ಕೊಟ್ಟು 25 ಮಿ.ಮೀ. ಇಳಿಸಿದರೆ ಹಿಂದಿನ, ಮುಂದಿನ ಎರಡು ಶಾಫ್ಟಿಗೂ ಆರಾಮ. ಆದರೆ ಜಿಪ್ಸಿಯಲ್ಲಿ ಮೂರನೆಯದೊಂದಿದೆ. ಗೇರ್‌ಬಾಕ್ಸಿನಿಂದ ಟ್ರಾನ್ಸ್‌ಫರ್ ಕೇಸಿಗೆ ಬರುವ ಆ ಗಿಡ್ಡ ಶಾಫ್ಟ್ ತುಂಬ ಗಿಡ್ಡವಾದ್ದರಿಂದಲೇ 25 ಮಿ.ಮೀ. ಅದರ ಪಾಲಿಗೆ ದೊಡ್ಡ ಕೋನ. ಅದೂ ಅಲ್ಲದೆ ಅದು ಸುತ್ತುವುದು ಗೇರ್‌ಬಾಕ್ಸಿನ ವೇಗದಲ್ಲಿ, 2ಎಚ್ ಇರಲಿ 4ಎಚ್ ಇರಲಿ, ಗಾಡಿ ಚಲಿಸುವಷ್ಟೂ ಹೊತ್ತು. ಅಪರೂಪಕ್ಕೆ ಕೆಲಸ ಮಾಡುವ ಮುಂದಿನ ಶಾಫ್ಟನ್ನು ಕಾಪಾಡಲು ಸದಾ ದುಡಿಯುವ ಶಾಫ್ಟನ್ನು ಕೆಡಿಸುವುದು ನನಗೆ ಒಪ್ಪಿಗೆಯಾಗದ ಲೆಕ್ಕ. ಹೊಟ್ಟೆಯ ಕೆಳಗಿನ ಜಾಗವೂ ಅಷ್ಟು ಕಡಿಮೆಯಾಗುತ್ತದೆ.

ಡಬಲ್ ಕ್ರಾಸ್ ಇರುವ ಶಾಫ್ಟ್ ಹಾಕಿಸಬಹುದೇ?

ಟ್ರಾನ್ಸ್‌ಫರ್ ಕೇಸ್ ತುದಿಯಲ್ಲಿ ಬೆನ್ನಿಗೆ ಬೆನ್ನು ಕೊಟ್ಟ ಎರಡು ಕ್ರಾಸ್ ಇರುವ ಶಾಫ್ಟ್ ದೊಡ್ಡ ಕೋನವನ್ನು ನಡುಕವಿಲ್ಲದೆ ದಾಟುತ್ತದೆ. ಷರತ್ತೇನೆಂದರೆ ಆಗ ಪಿನಿಯನ್ ಸಮಾನಾಂತರವಾಗಿರದೆ ನೇರವಾಗಿ ಶಾಫ್ಟಿನ ಕಡೆಗೇ ಮುಖ ಮಾಡಿರಬೇಕು. ಅಂದರೆ ಪಿನಿಯನ್ ಎತ್ತಬೇಕು, ಅಂದರೆ ಕ್ಯಾಸ್ಟರ್ ಹೋಯಿತು, ಅಂದರೆ ಗೋಳ ಕತ್ತರಿಸಿ ತಿರುಗಿಸಬೇಕು. ಹಿಂದಿನ ಆಕ್ಸಲ್‌ಗಾದರೆ ಕ್ಯಾಸ್ಟರ್ ಹಂಗಿಲ್ಲ, ಅಲ್ಲಿ ಇದು ಸೊಗಸಾದ ಪರಿಹಾರ.

ಆಕ್ಸಲ್ ಕೆಳಗಿರುವ ಪ್ಲೇಟನ್ನು ಮೇಲಕ್ಕೆ ತಂದು ಕೂರಿಸುವುದು ಹೇಗೆ? ಎಲ್ಲರೂ ಅದನ್ನೇ ಮಾಡಿಸುತ್ತಿದ್ದಾರಲ್ಲ?

ಮಾಡಿಸುತ್ತಾರೆ, ಫೋಟೊದಲ್ಲಿ ಚೆನ್ನಾಗಿ ಕಾಣುತ್ತದೆ. ಆಕ್ಸಲ್ ಮೇಲೆ ಹೊಸ ಪೀಠ ಬೆಸೆದು ಸೆಟ್ಟನ್ನು ಅದರ ಮೇಲಿಟ್ಟರೆ ಆಕ್ಸಲ್ ಟ್ಯೂಬಿನ ದಪ್ಪ, ಸೆಟ್ಟಿನ ದಪ್ಪ, ಪೀಠದ ದಪ್ಪ ಎಲ್ಲ ಸೇರಿ ಐದಿಂಚಿನ ಮೇಲೆ ಏಳುತ್ತದೆ. ಮೂಲ ಪ್ಲೇಟನ್ನೇ ಬಳಸುವುದರಿಂದ ಸವಾರಿ ಮೆತ್ತಗೇ ಉಳಿಯುತ್ತದೆ, ಆಕ್ಸಲ್ ಕೆಳಗೆ ಸಿಕ್ಕಿಹಾಕಿಕೊಳ್ಳುತ್ತಿದ್ದ ಪ್ಲೇಟು, ಯು ಬೋಲ್ಟ್ ತುದಿಗಳೂ ಮಾಯ. ಬಂಡೆ ಹತ್ತುವ ಸ್ಪರ್ಧೆಗೆಂದೇ ಇಟ್ಟ ಗಾಡಿಗೆ ಇದಕ್ಕಿಂತ ಒಳ್ಳೆಯದಿಲ್ಲ ಎನ್ನುವುದನ್ನೂ ಒಪ್ಪುತ್ತೇನೆ.

ಇನ್ನು ಬಿಲ್ಲು. ಮೂರರಲ್ಲಿ ಎರಡು ಶಾಫ್ಟ್ ಉದ್ದವಾಗಬೇಕು. ಬ್ರೇಕ್ ಹೋಸ್, ಶಾಕ್ ಅಬ್ಸಾರ್ಬರ್, ಬಂಪ್ ಸ್ಟಾಪ್ ಎಲ್ಲ ಹೊಸದು. ಪಿಟ್‌ಮನ್ ಆರ್ಮಿನಿಂದ (ಸ್ಟೇರಿಂಗ್ ಬಾಕ್ಸಿನ ತೋಳಿನಿಂದ) ಆಕ್ಸಲ್‌ಗೆ ಇಳಿಯುವ ಡ್ರ್ಯಾಗ್ ಲಿಂಕ್ ಕಡಿದಾಗಿ ವಾಲುತ್ತದೆ. ಪ್ರತಿ ಗುಂಡಿಗೂ ಆಕ್ಸಲ್ ಮೇಲೆ ಕೆಳಗೆ ಹೋದಾಗ ಸ್ಟೇರಿಂಗ್ ತಾನಾಗಿ ತಿರುಗುತ್ತದೆ. ಅದಕ್ಕೆ ಝಡ್ ಆಕಾರದ ಡ್ರ್ಯಾಗ್ ಲಿಂಕ್ ಮಾಡಿಸುತ್ತಾರೆ. ಮಾಡಿಸಿದರೆ ದಪ್ಪ ಗೋಡೆಯ, ಬೆಸುಗೆಯಿಲ್ಲದ ಟ್ಯೂಬಿನದ್ದನ್ನೇ ಮಾಡಿಸಿ, ಏಕೆಂದರೆ ಬಗ್ಗಿಸಿದ ಸಲಾಕೆ ಒತ್ತಡಕ್ಕೆ ಇನ್ನಷ್ಟು ಬಗ್ಗುತ್ತದೆ. ಎಕ್ಸಲರೇಟರ್ ಒತ್ತಿದಾಗ ಹಿಂದಿನ ಆಕ್ಸಲ್ ಪ್ಲೇಟನ್ನು ಎಸ್ ಆಕಾರಕ್ಕೆ ತಿರುಚುವುದೂ ಹೆಚ್ಚಾಗುತ್ತದೆ, ಅದನ್ನು ತಡೆಯುವ ಟಾರ್ಕ್ ಆರ್ಮ್ ಬೇಕು. ಇಷ್ಟೆಲ್ಲ ಆದ ಮೇಲೆ 2,375 ಮಿ.ಮೀ. ವೀಲ್‌ಬೇಸಿನ ಕಿರಿದಾದ ಗಾಡಿ ಐದಿಂಚು ಎತ್ತರದಲ್ಲಿ ಚಾರ್ಮಾಡಿಯ ತಿರುವಿಗೆ ಬರುತ್ತದೆ. ಮನೆಮಂದಿ ಕೂರುವ ಗಾಡಿಗೆ ಇದು ಬೇಡ ಎನ್ನುವುದು ನನ್ನ ಖಚಿತ ಅಭಿಪ್ರಾಯ.

ಶ್ಯಾಕಲ್ ಹಿಂದಕ್ಕೆ ಬದಲಾಯಿಸುವುದು?

ಮುಂದಿನ ಕಣ್ಣು ಚಾಸಿಗೆ, ಶ್ಯಾಕಲ್ ಹಿಂದಕ್ಕೆ. ರಸ್ತೆಯ ಗುಂಡಿಗೆ ಆಕ್ಸಲ್ ಎದುರು ಗುದ್ದುವ ಬದಲು ಹಿಂದಕ್ಕೆ ಸರಿದು ಮೇಲೇಳುವುದರಿಂದ ಸವಾರಿ ನಿಜಕ್ಕೂ ಸುಧಾರಿಸುತ್ತದೆ. ಆದರೆ ಆಕ್ಸಲ್ ಹಿಂದಕ್ಕೆ ಸರಿದಷ್ಟೂ ಶಾಫ್ಟ್ ಕುಗ್ಗಬೇಕು, ಮೂಲ ಸ್ಪ್ಲೈನಿನ ಓಟ ಸಾಲದೆ ಹೋಗಬಹುದು. ಉದ್ದ ಸ್ಪ್ಲೈನಿನ ಶಾಫ್ಟ್ ಮಾಡಿಸುವ ಯೋಚನೆ ಹೇಗೂ ಇದ್ದರೆ ಮಾತ್ರ ಕೈಹಾಕಿ.

ಚಕ್ರದ ಬುಡದ ಜಾಯಿಂಟ್ ಒಡೆಯುತ್ತದಂತೆ?

ಮುಂದಿನ ಆಕ್ಸಲ್‌ನ ತುದಿಯಲ್ಲಿ, ಗೋಳದೊಳಗೆ, ಗುಂಡುಗಳ ಮೇಲೆ ತಿರುಗುವ ಸಿವಿ ಜಾಯಿಂಟ್ ಇದೆ. ಮೂಲ ಟೈರಿಗೆ ಅದು ಗಟ್ಟಿ. ಒಡೆಯುವುದು ಹೆಚ್ಚಾಗಿ ಹೀಗೆ: 4ಎಲ್ (ನಾಲ್ಕೂ ಚಕ್ರಕ್ಕೆ ಬಲ, ನಿಧಾನದ ಗೇರು), ಸ್ಟೇರಿಂಗ್ ಪೂರ್ತಿ ತಿರುಗಿಸಿದೆ, ಚಕ್ರ ಬೇರಿಗೋ ಬಂಡೆಗೋ ಸಿಕ್ಕಿದೆ, ಚಾಲಕ ಎಕ್ಸಲರೇಟರ್ ತುಳಿದ. ಟಕ್ ಎಂದು ಒಂದು ಸದ್ದು, ಅಷ್ಟೇ. ಟೈರ್ ದೊಡ್ಡದಾದಷ್ಟೂ ಜಾಯಿಂಟಿಗೆ ಬೀಳುವ ತಿರುಚು ಹೆಚ್ಚು. ಸ್ಟೇರಿಂಗ್ ಸ್ವಲ್ಪ ನೇರ ಮಾಡಿಕೊಂಡು ಗ್ಯಾಸ್ ಕೊಡುವ ಅಭ್ಯಾಸ ಯಾವ ವಿದೇಶಿ ಜಾಯಿಂಟಿಗಿಂತಲೂ ಅಗ್ಗ.

ಟಾರು ರಸ್ತೆಯಲ್ಲಿ 4ಎಚ್ ಹಾಕಿ ತಿರುವು ತೆಗೆದುಕೊಳ್ಳುವುದು ಇನ್ನೊಂದು ಕಾರಣ. ಹಿಂದಿನ ಮುಂದಿನ ಆಕ್ಸಲ್‌ಗಳ ನಡುವೆ ಡಿಫರೆನ್ಷಿಯಲ್ ಇಲ್ಲದ ವ್ಯವಸ್ಥೆಯಲ್ಲಿ ಹಿಂದೆ ಮುಂದೆ ವೇಗದ ವ್ಯತ್ಯಾಸಕ್ಕೆ ದಾರಿಯಿಲ್ಲದೆ ತಿರುಚು ಕೂಡಿಕೊಳ್ಳುತ್ತಾ ಹೋಗುತ್ತದೆ.

ಗೋಳದ ಹಿಂದೆ ಗ್ರೀಸ್ ಬದಲು ತೆಳು ಎಣ್ಣೆ ಸೋರುತ್ತಿದ್ದರೆ ಒಳಗಿನ ಆಕ್ಸಲ್ ಸೀಲ್ ಹೋಗಿದೆ, ಡಿಫರೆನ್ಷಿಯಲ್ ಎಣ್ಣೆ ಬಂದು ಗ್ರೀಸ್ ತೊಳೆಯುತ್ತಿದೆ. ಎತ್ತಿಸುವ ಕೆಲಸಕ್ಕೆ ಬಿಚ್ಚಿದಾಗಲೇ ಸೀಲ್, ಕಿಂಗ್‌ಪಿನ್ ಬೇರಿಂಗ್, ಬುಷ್ ಬದಲಿಸಿ.

ಗುಂಡಿಗೆ ಬಿದ್ದ ಕೂಡಲೇ ಸ್ಟೇರಿಂಗ್ ಹುಚ್ಚು ಹಿಡಿದಂತೆ ನಡುಗುತ್ತದೆ. ಸ್ಟೇರಿಂಗ್ ಡ್ಯಾಂಪರ್ (ನಡುಕ ಹೀರುವ ಶಾಕ್) ಹಾಕಲೇ?

ಡ್ಯಾಂಪರ್ ರೋಗವನ್ನು ಮುಚ್ಚಿಡುತ್ತದೆ. ಈ ಕ್ರಮದಲ್ಲಿ ನೋಡುತ್ತಾ ಹೋಗಿ: ಟೈರ್ ಗಾಳಿ ಮತ್ತು ಬ್ಯಾಲೆನ್ಸ್, ವೀಲ್ ಬೇರಿಂಗ್ ಸಡಿಲ, ಟೈ ರಾಡ್ ತುದಿಗಳು, ಕಿಂಗ್‌ಪಿನ್ ಬಿಗಿತ, ಶ್ಯಾಕಲ್ ಬುಷ್, ಸ್ಟೇರಿಂಗ್ ಬಾಕ್ಸ್ ಚಾಸಿಗೆ ಕೂತಿರುವ ಬೋಲ್ಟ್, ಕೊನೆಗೆ ಕ್ಯಾಸ್ಟರ್. ಜಿಪ್ಸಿಯಲ್ಲಿ ಕಿಂಗ್‌ಪಿನ್ ಕೆಳಗಿನ ಶಿಮ್ (ತೆಳು ತಗಡು) ಕಡಿಮೆ ಮಾಡಿ ಬಿಗಿ ತಂದರೆ ನಿಲ್ಲುವುದೇ ಹೆಚ್ಚು. ನಡುಕ ಶುರುವಾದಾಗ ಸ್ಟೇರಿಂಗ್ ಜೊತೆ ಗುದ್ದಾಡಬೇಡಿ, ಗಟ್ಟಿಯಾಗಿ ಹಿಡಿದು ವೇಗ ಇಳಿಸಿ.

ಶಾಕ್ ಅಬ್ಸಾರ್ಬರ್, ಬ್ರೇಕ್ ಹೋಸ್?

ಪೂರ್ತಿ ಜೋತಾಗ ಶಾಕ್ ಅಬ್ಸಾರ್ಬರ್ ಮೊದಲು ನಿಲ್ಲಿಸಬಾರದು, ಪೂರ್ತಿ ಒತ್ತಿದಾಗ ಅದು ತಳ ಮುಟ್ಟಬಾರದು. ಎರಡೂ ಅಳತೆ ತೆಗೆದುಕೊಂಡು ಹೋಗಿ ಕೊಳ್ಳಿ. ಬ್ರೇಕ್ ಹೋಸ್ ಎರಡೂ ಬದಿಗೆ ಸ್ಟೇರಿಂಗ್ ತಿರುಗಿಸಿ, ಚಕ್ರ ಜೋತಾಗಲೂ ಬಿಗಿಯಾಗಬಾರದು. ಕೆಲಸ ಮುಗಿದು 500 ಕಿ.ಮೀ. ಓಡಿದ ಮೇಲೆ ಯು ಬೋಲ್ಟ್ ಮತ್ತೆ ಬಿಗಿಸಿ.

ಟೈರ್ ದೊಡ್ಡದು ಮಾಡಿದರೆ ಸ್ಪೀಡೋಮೀಟರ್?

ಕಡಿಮೆ ತೋರಿಸುತ್ತದೆ. 235/75ರಲ್ಲಿ ಮುಳ್ಳು 60 ಎಂದಾಗ ಗಾಡಿ ಸುಮಾರು 66ರಲ್ಲಿರುತ್ತದೆ. ಘಾಟಿಯಲ್ಲಿ ಒಂದು ಗೇರ್ ಕೆಳಗೆ ಓಡಿಸಬೇಕಾಗುತ್ತದೆ, ಪೆಟ್ರೋಲಿನ ಮಾತು ಬೇಡ.

ಕಾನೂನು ಏನು ಹೇಳುತ್ತದೆ?

1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ತಯಾರಕರು ನಮೂದಿಸಿದ ವಿವರಗಳಿಗಿಂತ ಆರ್‌ಸಿಯಲ್ಲಿನ ವಿವರ ಬೇರೆಯಾಗುವಂತೆ ಗಾಡಿ ಬದಲಿಸುವಂತಿಲ್ಲ. ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಇದನ್ನು ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಸೇರಿದ 182ಎ ಸೆಕ್ಷನ್ ಅನುಮತಿಯಿಲ್ಲದ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಸೆರೆ, ಅಥವಾ ಎರಡನ್ನೂ ಹೇಳುತ್ತದೆ. ಖಾಸಗಿ ಗಾಡಿಗೆ 15 ವರ್ಷ ತುಂಬಿದ ಮೇಲೆ ಐದೈದು ವರ್ಷಕ್ಕೊಮ್ಮೆ ನೋಂದಣಿ ನವೀಕರಣಕ್ಕೆ ಆರ್‌ಟಿಒ ಎದುರು ನಿಲ್ಲಿಸಬೇಕಲ್ಲ, ಅಲ್ಲಿ ಐದಿಂಚು ಎದ್ದ ಜಿಪ್ಸಿ ದೂರದಿಂದಲೇ ಕಾಣುತ್ತದೆ. ಮೂಲ ಸೆಟ್ಟು, ಶ್ಯಾಕಲ್, ಶಾಫ್ಟ್ ಯಾವುದನ್ನೂ ಗುಜರಿಗೆ ಹಾಕಬೇಡಿ.

ನನ್ನದು ಮಹೀಂದ್ರಾ ಎಂಎಂ540 ಜೀಪು. ಇದೆಲ್ಲ ಅದಕ್ಕೂ ಅನ್ವಯವೇ?

ಕೋನದ ಲೆಕ್ಕ, ಕ್ಯಾಸ್ಟರ್, ಸ್ಪ್ಲೈನ್ ಎಲ್ಲ ಅನ್ವಯ. ಮಿಲಿಮೀಟರ್ ಅಂಕಿಗಳು ಅಲ್ಲ. ಜೀಪಿನಲ್ಲಿ ಟ್ರಾನ್ಸ್‌ಫರ್ ಕೇಸ್ ಗೇರ್‌ಬಾಕ್ಸಿಗೇ ಅಂಟಿರುವುದರಿಂದ ಆ ಗಿಡ್ಡ ಶಾಫ್ಟಿನ ತಲೆನೋವಿಲ್ಲ.

ಕಾಡಿನ ನಡುವೆ ಶಾಫ್ಟ್ ಮುರಿದರೆ ಮನೆಗೆ ಬರುವುದು ಹೇಗೆ?

ಮುಂದಿನದು ಮುರಿದರೆ ಎರಡು ತುದಿಯ ಬೋಲ್ಟ್ ಬಿಚ್ಚಿ ಶಾಫ್ಟನ್ನು ಗಾಡಿಯೊಳಗೆ ಹಾಕಿ, 2ಎಚ್‌ನಲ್ಲಿ ಬನ್ನಿ. ಹಿಂದಿನದು ಮುರಿದರೆ ಅದನ್ನು ಬಿಚ್ಚಿ, ಮುಂದಿನ ಹಬ್ ಹಿಡಿಸಿ, 4ಎಚ್ ಹಾಕಿದರೆ ಮುಂದಿನ ಚಕ್ರಗಳೇ ಎಳೆದುಕೊಂಡು ಬರುತ್ತವೆ. ಮೆಲ್ಲಗೆ, ಸ್ಟೇರಿಂಗ್ ಪೂರ್ತಿ ತಿರುಗಿಸದೆ. ಹ್ಯಾಂಡ್ ಬ್ರೇಕ್ ಡ್ರಮ್ ಟ್ರಾನ್ಸ್‌ಫರ್ ಕೇಸಿನ ಹಿಂದೆ ಇರುವ ಗಾಡಿಯಾದರೆ ಹಿಂದಿನ ಶಾಫ್ಟ್ ಬಿಚ್ಚಿದ ಮೇಲೆ ಹ್ಯಾಂಡ್ ಬ್ರೇಕನ್ನು ನಂಬುವಂತಿಲ್ಲ. ಇಳಿಜಾರಿನಲ್ಲಿ ಬೋಲ್ಟ್ ಬಿಚ್ಚುವ ಮುಂಚೆಯೇ ನಾಲ್ಕೂ ಚಕ್ರಕ್ಕೆ ಕಲ್ಲು ಕೊಡಿ. ಫ್ಲಾಂಜ್ ಬೋಲ್ಟಿಗೆ ಹಿಡಿಸುವ ಎರಡು ಸ್ಪ್ಯಾನರ್, ಒಂದು ಜೊತೆ ಕ್ರಾಸ್, ಲಾಕ್ ತೆಗೆಯುವ ಪ್ಲೈಯರ್ ಸೀಟಿನ ಕೆಳಗೆ ಇರಲಿ.